ಗಂಡ-ಹೆಂಡತಿ ಸಿನಿಮಾ ನೋಡುವಾಗ ಬಾಗಿಲಿಗಿಂತ ಸಿಂಕ್ ಕಡೆ ಜಾಸ್ತಿ ನೋಡಿ

ಮದುವೆ ಬಗ್ಗೆ ಇರುವ ಸಿನಿಮಾಗಳನ್ನು ನಾನು ಎಷ್ಟೋ ವರ್ಷ ತಪ್ಪಾಗಿ ನೋಡಿದ್ದೇನೆ. ನನ್ನ ಲೆಕ್ಕ ಬಹಳ ಸುಲಭ ಇತ್ತು. ಕೊನೆಯಲ್ಲಿ ಹೆಂಡತಿ ಬ್ಯಾಗ್ ಹಿಡಿದು ಹೊರಟರೆ ಧೈರ್ಯದ ಸಿನಿಮಾ. ವಾಪಸ್ ಬಂದರೆ ಹಳೇ ಕಾಲದ್ದು. ಮಧ್ಯದ ಎರಡು ಗಂಟೆಯಲ್ಲಿ ಏನಾಯ್ತು ಅಂತ ಯಾರಾದರೂ ಕೇಳಿದ್ದರೆ ತಡವರಿಸುತ್ತಿದ್ದೆ.

ಒಂದು ದಿನ ಅಕ್ಕನ ಜೊತೆ ಕೂತು ಯಾವುದೋ ಸಿನಿಮಾ ನೋಡುತ್ತಿದ್ದೆ, ಹೆಸರು ಹೇಳುವಷ್ಟು ಚೆನ್ನಾಗೇನೂ ಇರಲಿಲ್ಲ. ಅರ್ಧಕ್ಕೆ ಅಕ್ಕ ಸುಮ್ನೆ ಒಂದು ಮಾತು ಹೇಳಿದಳು. "ಅವನು ಕೆಲಸ ಬಿಟ್ಟ, ಗಡ್ಡ ಬಿಟ್ಟ, ಮಾತೂ ಬಿಟ್ಟ. ಯಾರೂ ಯಾಕೆ ಅಂತ ಕೇಳಲಿಲ್ಲ. ಅವಳು ಕೂದಲು ಕತ್ತರಿಸಿಕೊಂಡಳು ನೋಡು, ಮನೆಯವರೆಲ್ಲ ಬಂದು ಕೇಳ್ತಿದ್ದಾರೆ."

ಅಲ್ಲಿಂದ ನಾನು ನೋಡುವ ರೀತಿಯೇ ಬೇರೆ ಆಯ್ತು. ಮದುವೆಯೊಳಗೆ ಇಬ್ಬರೂ ಬದಲಾಗುತ್ತಾರೆ, ಅದರಲ್ಲಿ ವಿಶೇಷ ಏನಿಲ್ಲ. ಒಬ್ಬರ ಬದಲಾವಣೆ "ಜೀವನ ಅಂದ್ರೆ ಹೀಗೇ" ಅನ್ನಿಸಿಕೊಳ್ಳುತ್ತೆ, ಇನ್ನೊಬ್ಬರದು "ನೀನು ಮೊದಲಿನ ಹಾಗಿಲ್ಲ" ಅನ್ನಿಸಿಕೊಳ್ಳುತ್ತೆ. ಸ್ವಾತಂತ್ರ್ಯದ ಜಗಳ ಹುಟ್ಟುವುದು ಈ ಎರಡು ಮಾತುಗಳ ನಡುವೆ. ಸಿನಿಮಾ ಈ ಜಗಳವನ್ನು ಹೇಗೆ ತೋರಿಸುತ್ತೆ, ಎಲ್ಲಿ ಬಚ್ಚಿಡುತ್ತೆ, ಎಲ್ಲಿ ಮೋಸ ಮಾಡುತ್ತೆ ಅಂತ ಹಿಡಿಯೋದು ಕಷ್ಟ ಇಲ್ಲ. ನಾನು ಮಾಡುವ ವಿಧಾನ ಹೇಳುತ್ತೇನೆ. ಇದಕ್ಕೆ ಸಿನಿಮಾ ಓದಿರಬೇಕಾಗಿಲ್ಲ, ಒಂದು ಪೆನ್ನು, ಒಂದು ಹಾಳೆ, ಒಂದು ರಿಮೋಟ್ ಇದ್ದರೆ ಸಾಕು. ಒಂದು ಎಚ್ಚರಿಕೆ: ಕೊನೆಯ ದೃಶ್ಯಗಳ ಬಗ್ಗೆ ಮಾತಾಡದೆ ಇದನ್ನು ಹೇಳೋಕೆ ಆಗಲ್ಲ, ಕಥೆ ಗೊತ್ತಾದರೆ ಬೇಜಾರಾಗುವವರು ಹೆಸರು ನೋಡಿಕೊಂಡು ಮುಂದೆ ಓದಿ.

ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ

ಎಡಕ್ಕೆ "ಏನು ಬದಲಾಯ್ತು" ಅಂತ ಬರೆಯಿರಿ. ಬಲಕ್ಕೆ "ಯಾರು ಕೇಳಿದರು" ಅಂತ ಬರೆಯಿರಿ. ಸಿನಿಮಾ ಓಡುತ್ತಿರುವಾಗ ಗಂಡ ಅಥವಾ ಹೆಂಡತಿ ಏನೇ ಹೊಸದು ಮಾಡಿದರೂ ಎಡಗಡೆ ಒಂದು ಪದ. ಹೊಸ ಕೆಲಸ, ಹೊಸ ಗೆಳತಿ, ಹೊಸ ಸಾಲ, ಮನೆಗೆ ಬರುವ ಹೊತ್ತು, ಏನೇ ಇರಲಿ. ಅದನ್ನು ಯಾರಾದರೂ ಪ್ರಶ್ನೆ ಮಾಡಿದರೆ ಬಲಗಡೆ ಅವರ ಹೆಸರು. ಯಾರೂ ಕೇಳದಿದ್ದರೆ ಬಲಗಡೆ ಖಾಲಿ ಬಿಡಿ. ಆ ಖಾಲಿ ಜಾಗವೇ ಆಮೇಲೆ ಜಾಸ್ತಿ ಕೆಲಸಕ್ಕೆ ಬರೋದು.

ಇದನ್ನು ಕಲಿಯೋಕೆ ನಾನು ಎಲ್ಲರಿಗೂ ಮೊದಲು ಹೇಳುವ ಸಿನಿಮಾ ಸತ್ಯಜಿತ್ ರೇ ಅವರ 'ಮಹಾನಗರ', 1963ರದ್ದು. ಅರವತ್ತು ವರ್ಷ ದಾಟಿದೆ, ಆದರೂ ಈ ವಿಷಯದಲ್ಲಿ ಅದರಷ್ಟು ನಾಜೂಕಾಗಿ ಲೆಕ್ಕ ಇಟ್ಟ ಸಿನಿಮಾ ನಾನಂತೂ ಕಡಿಮೆ ನೋಡಿದ್ದೇನೆ. ಸಂಬಳ ಸಾಲದ ಮನೆ. ಗಂಡ ಸುಬ್ರತ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾನೆ. ಹೆಂಡತಿ ಆರತಿ ಮನೆ ಮನೆಗೆ ಹೋಗಿ ಹೆಣಿಗೆ ಯಂತ್ರ ಮಾರುವ ಕೆಲಸಕ್ಕೆ ಸೇರುತ್ತಾಳೆ. ಆರತಿ ಪಾತ್ರ ಮಾಡಿದವರು ಮಾಧಬಿ ಮುಖರ್ಜಿ. ಹೆಂಗಸರೂ ಕೆಲಸಕ್ಕೆ ಹೋಗಬಹುದು ಅನ್ನುವ ಯೋಚನೆಗೆ ಗಂಡನ ಒಪ್ಪಿಗೆ, ಸಹಾಯ ಎರಡೂ ಇರುತ್ತೆ. ಅದನ್ನು ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. ಯಾಕೆಂದರೆ ಸ್ವಲ್ಪ ಹೊತ್ತಿಗೆ ಅದೇ ಗಂಡ ಕೆಲಸ ಬಿಡು ಅನ್ನುತ್ತಾನೆ. ಬದಲಾವಣೆ ಬೇಕಿತ್ತು, ಸಂಬಳ ಬರುವಷ್ಟು. ಅದರ ಜೊತೆಗೆ ಹೆಂಡತಿಯೂ ಬದಲಾಗುತ್ತಾಳೆ ಅನ್ನುವ ಲೆಕ್ಕ ಅವನ ತಲೆಗೆ ಬಂದಿರಲಿಲ್ಲ.

ಅಲ್ಲಿನ ಲಿಪ್‌ಸ್ಟಿಕ್ ನೋಡಿ. ಜೊತೆ ಕೆಲಸ ಮಾಡುವ ಎಡಿತ್ ಅದನ್ನು ಆರತಿಗೆ ಕೊಡುತ್ತಾಳೆ. ಒಂದು ಬೆರಳಿನಷ್ಟು ದೊಡ್ಡ ವಸ್ತು. ಅದು ಗಂಡನ ಕಣ್ಣಿಗೆ ಬಿದ್ದಾಗ ಮನೆಯೊಳಗೆ ಗಾಳಿಯೇ ಬದಲಾಗಿಬಿಡುತ್ತೆ. ಆರತಿ ಅದನ್ನು ಕಿಟಕಿಯಿಂದ ಹೊರಗೆ ಎಸೆಯುತ್ತಾಳೆ. ಇದು ಸೋಲಾ? ನನಗೆ ಹಾಗನ್ನಿಸಲ್ಲ, ಅವಳು ಅದನ್ನು ಎಸೆಯುವ ರೀತಿಯಲ್ಲಿ "ನಿನಗೆ ಇಷ್ಟೇ ತೊಂದರೆ ಆಗಿದ್ದರೆ ತಗೋ, ಮುಗೀತು" ಅನ್ನುವ ಧಾಟಿ ಇದೆ. ಆದರೆ ತೊಂದರೆ ಲಿಪ್‌ಸ್ಟಿಕ್‌ದಲ್ಲ ಅಂತ ಇಬ್ಬರಿಗೂ ಗೊತ್ತು.

ಆಮೇಲೆ ಒಂದು ಹೋಟೆಲ್ ದೃಶ್ಯ ಬರುತ್ತೆ, ಅಲ್ಲಿ ದಯವಿಟ್ಟು ಫೋನ್ ಕೆಳಗಿಡಿ. ಅಷ್ಟೊತ್ತಿಗೆ ಸುಬ್ರತನ ಬ್ಯಾಂಕ್ ಮುಳುಗಿದೆ, ಅವನಿಗೆ ಕೆಲಸ ಇಲ್ಲ, ಅವಳ ಸಂಬಳದಲ್ಲೇ ಮನೆ ನಡೆಯಬೇಕು. ಅವನು ಕೂತಲ್ಲಿಗೆ ಹತ್ತಿರದಲ್ಲೇ ಆರತಿ ಪರಿಚಯದ ಒಬ್ಬ ಗಂಡಸಿನ ಜೊತೆ ಮಾತಾಡುತ್ತಿರುತ್ತಾಳೆ. ಕಣ್ಣಿಗೆ ಕೂಲಿಂಗ್ ಗ್ಲಾಸ್. ಸುಬ್ರತ ಪೇಪರ್ ಅಡ್ಡ ಹಿಡಿದುಕೊಂಡು ಕೇಳಿಸಿಕೊಳ್ಳುತ್ತಾನೆ. ಅವಳು ಗಂಡನನ್ನು ಬಿಟ್ಟುಕೊಡುವುದಿಲ್ಲ, ಅವನ ಮರ್ಯಾದೆ ಉಳಿಸೋಕೆ ಅವನದು ವ್ಯಾಪಾರ ಇದೆ ಅನ್ನುವ ಹಾಗೆ ಸುಳ್ಳು ಹೇಳುತ್ತಾಳೆ. ಪೇಪರ್ ಹಿಂದಿನ ಆ ಮುಖ ನೋಡಿ. ಅನುಮಾನ ಪಡೋಕೆ ಬಂದವನಿಗೆ ಅನುಮಾನಕ್ಕಿಂತ ದೊಡ್ಡ ಪೆಟ್ಟು ಬಿದ್ದಿದೆ. ಹೆಂಡತಿ ಬದಲಾಗಿದ್ದಾಳೆ, ಆದರೆ ಅವನ ಪರವಾಗಿಯೇ ಇದ್ದಾಳೆ. ಇವೆರಡೂ ಒಟ್ಟಿಗೆ ಇರಬಹುದು ಅಂತ ಒಪ್ಪೋಕೆ ಅವನಿಗೆ ಸಿನಿಮಾ ಮುಗಿಯುವವರೆಗೆ ಟೈಮ್ ಬೇಕಾಗುತ್ತೆ.

ಈ ದೃಶ್ಯ ಮುಗಿದ ಮೇಲೆ ನಿಮ್ಮ ಹಾಳೆ ನೋಡಿಕೊಳ್ಳಿ. ಎಡಗಡೆ ಇಬ್ಬರ ಹೆಸರಿನಲ್ಲೂ ಬದಲಾವಣೆ ಇರುತ್ತೆ. ಬಲಗಡೆ ಪ್ರಶ್ನೆ ಕೇಳಿದವರ ಸಾಲು ಮಾತ್ರ ಆರತಿಯ ಎದುರಿಗೇ ಉದ್ದ ಇರುತ್ತೆ.

ಕ್ಯಾಮೆರಾ ಯಾರ ಜೊತೆ ಮನೆಯಲ್ಲಿ ಉಳೀತು

ಎರಡನೆಯದು ಇನ್ನೂ ಸುಲಭ. ಒಬ್ಬರು ಮನೆ ಬಿಟ್ಟು ಹೋದಾಗ ಕ್ಯಾಮೆರಾ ಅವರ ಹಿಂದೆ ಹೋಗುತ್ತಾ, ಉಳಿದವರ ಜೊತೆ ನಿಲ್ಲುತ್ತಾ? ನಾವು ಯಾರ ಪಕ್ಕ ಜಾಸ್ತಿ ಹೊತ್ತು ಕೂತಿರುತ್ತೇವೋ ಅವರ ಪರ ವಾಲುತ್ತೇವೆ, ಬಸ್ಸಲ್ಲಿ ಪಕ್ಕ ಕೂತವರ ಕಷ್ಟ ಕೇಳಿ ಇಳಿಯುವಷ್ಟರಲ್ಲಿ ಅವರ ಕಡೆಯವರೇ ಆಗಿಬಿಡುವ ಹಾಗೆ.

1979ರ 'ಕ್ರೇಮರ್ ವರ್ಸಸ್ ಕ್ರೇಮರ್' ಇದಕ್ಕೆ ಪಾಠದ ಹಾಗಿದೆ. ಶುರುವಿನಲ್ಲೇ ಹೆಂಡತಿ ಜೊಆನಾ ಹೊರಟುಬಿಡುತ್ತಾಳೆ, ಲಿಫ್ಟ್ ಬಾಗಿಲು ಮುಚ್ಚುತ್ತೆ. ಅಲ್ಲಿಂದ ನಾವು ಗಂಡ ಟೆಡ್ ಮತ್ತು ಮಗನ ಜೊತೆ. ಮಾರನೇ ದಿನ ಬೆಳಿಗ್ಗೆ ಅವನು ಮಗನಿಗೆ ಫ್ರೆಂಚ್ ಟೋಸ್ಟ್ ಮಾಡೋಕೆ ಹೊರಟು ಬ್ರೆಡ್ ಮಡಚಿ ಕಪ್ಪಿನೊಳಗೆ ತುರುಕುತ್ತಾನೆ, ಕೈ ಸುಟ್ಟುಕೊಳ್ಳುತ್ತಾನೆ, ಅಡುಗೆಮನೆ ರಣರಂಗ. ಕೊನೆಯಲ್ಲಿ ಅದೇ ತಿಂಡಿಯನ್ನು ಅಪ್ಪ-ಮಗ ಇಬ್ಬರೂ ಹೆಚ್ಚು ಮಾತಿಲ್ಲದೆ, ಕೈಗೆ ಕೈ ಸೇರಿಸಿ, ಒಂದು ಹನಿ ಚೆಲ್ಲದೆ ಮಾಡುತ್ತಾರೆ. ಎರಡು ಅಡುಗೆಗಳ ನಡುವೆ ಒಬ್ಬ ಗಂಡಸು ಪೂರ್ತಿ ಬದಲಾದ. ಭಾಷಣ ಒಂದೂ ಇಲ್ಲ. ತುಂಬಾ ಒಳ್ಳೆಯ ಕೆಲಸ ಅದು, ಅತ್ಯುತ್ತಮ ಚಿತ್ರದ್ದೂ ಸೇರಿ ಐದು ಆಸ್ಕರ್ ಬಂತು.

ಆದರೆ ಜೊಆನಾ? ಅವಳೂ ಬದಲಾದಳು. ಎಲ್ಲಿ? ತೆರೆಯ ಹೊರಗೆ. ಅವಳು ಯಾವ ಮನೆಯಲ್ಲಿದ್ದಳು, ಯಾವ ಕೆಲಸ ಹುಡುಕಿದಳು, ರಾತ್ರಿ ಮಗನ ನೆನಪಾದಾಗ ಏನು ಮಾಡಿದಳು, ನಾವು ನೋಡಲೇ ಇಲ್ಲ. ಅವಳು ವಾಪಸ್ ಬಂದು ಕೋರ್ಟಿನಲ್ಲಿ ಹೇಳಿದ್ದನ್ನು ಕೇಳಿ ನಂಬಬೇಕು. ಆ ಪಾತ್ರ ಮಾಡಿದ ಮೆರಿಲ್ ಸ್ಟ್ರೀಪ್ ಅವರಿಗೇ ಇದು ಸರಿ ಕಂಡಿರಲಿಲ್ಲ. ಕೋರ್ಟಿನ ಆ ಮಾತುಗಳನ್ನು ಅವರೇ ಮತ್ತೆ ಬರೆದರು, ನಿರ್ದೇಶಕ ರಾಬರ್ಟ್ ಬೆಂಟನ್ ಒಪ್ಪಿ ಹಾಗೇ ಚಿತ್ರೀಕರಿಸಿದರು. ಸಿನಿಮಾದಲ್ಲಿ ಒಬ್ಬರ ಬದಲಾವಣೆಗೆ ಎರಡು ಗಂಟೆ ಸಿಕ್ಕಿ, ಇನ್ನೊಬ್ಬರದಕ್ಕೆ ಸಾಕ್ಷಿ ಕಟ್ಟೆಯಲ್ಲಿ ಕೆಲವೇ ನಿಮಿಷ ಸಿಕ್ಕರೆ ನೀವು ಆ ನಿಮಿಷಗಳನ್ನು ಎರಡು ಸಲ ನೋಡಿ. ನಾನು ಇದನ್ನು ನಿಯಮ ಮಾಡಿಕೊಂಡಿದ್ದೇನೆ.

ಯಾರ ಪಕ್ಕದಲ್ಲೂ ಕೂರದ ಸಿನಿಮಾನೂ ಇದೆ. ಇರಾನಿನ ಅಸ್ಗರ್ ಫರ್ಹಾದಿ ಅವರ 'ಎ ಸೆಪರೇಷನ್', 2011. ಮೊದಲ ಮಾತುಕತೆಯಲ್ಲೇ ಗಂಡ-ಹೆಂಡತಿ ಕ್ಯಾಮೆರಾಗೆ ಮುಖ ಮಾಡಿ ಕೂತಿದ್ದಾರೆ. ನ್ಯಾಯಾಧೀಶರ ದನಿ ಕೇಳುತ್ತೆ, ಮುಖ ಕಾಣಲ್ಲ. ಅಂದರೆ ಆ ಕುರ್ಚಿಯಲ್ಲಿ ನಾವೇ ಕೂತಿದ್ದೇವೆ. ಸಿಮಿನ್‌ಗೆ ಮಗಳನ್ನು ಕರೆದುಕೊಂಡು ದೇಶ ಬಿಡಬೇಕು. ನಾದರ್‌ಗೆ ಮರೆವಿನ ಕಾಯಿಲೆ ಬಂದ ಅಪ್ಪನನ್ನು ಬಿಟ್ಟು ಹೋಗೋಕೆ ಆಗಲ್ಲ. ನೀನು ಮಗ ಅಂತಾನೇ ಅವರಿಗೆ ಗೊತ್ತಾಗಲ್ಲ ಅನ್ನುತ್ತಾಳೆ ಅವಳು. ಅವರು ಅಪ್ಪ ಅಂತ ನನಗೆ ಗೊತ್ತಲ್ಲ ಅನ್ನುತ್ತಾನೆ ಅವನು. ಇಬ್ಬರ ಮಾತೂ ಸರಿ. ಇಬ್ಬರಲ್ಲಿ ಒಬ್ಬರೂ ಕೆಟ್ಟವರಲ್ಲ. ಇಂಥ ಕಡೆ ನಮ್ಮ ಹಾಳೆಯ ಗೆರೆ ಕೆಲಸ ಮಾಡೋದೇ ಕಷ್ಟ, ಅದು ಸಿನಿಮಾದ ದೊಡ್ಡತನ.

ಒಮ್ಮೆ ಸೌಂಡ್ ತೆಗೆದು ನೋಡಿ

ಪೂರ್ತಿ ಸಿನಿಮಾ ಬೇಡ, ಹತ್ತು ನಿಮಿಷ ಸಾಕು. ಜಗಳದ ದೃಶ್ಯ ಆದರೆ ಒಳ್ಳೇದು. ಮಾತು ಕೇಳಿಸದಿದ್ದಾಗ ಕೈ ಕಾಣಿಸುತ್ತೆ. ಜಗಳ ಆಡುತ್ತಲೇ ಯಾರು ಬಟ್ಟೆ ಮಡಚುತ್ತಿದ್ದಾರೆ, ಯಾರು ಖಾಲಿ ಕೈಯಲ್ಲಿ ನಿಂತಿದ್ದಾರೆ? ಯಾರು ಕೋಣೆಯ ಬಾಗಿಲಲ್ಲಿ ನಿಂತು ಮಾತಾಡುತ್ತಾರೆ, ಯಾರಿಗೆ ಹೊರಗೆ ಹೋಗೋಕೆ ದಾರಿ ಇದೆ? ಸ್ವಾತಂತ್ರ್ಯದ ಬಗ್ಗೆ ಜೋರಾಗಿ ಮಾತಾಡುವ ಪಾತ್ರದ ಕೈಯಲ್ಲಿ ಕಾರಿನ ಕೀ ಇರುತ್ತೆ ಎಷ್ಟೋ ಸಲ, ಗಮನಿಸಿ.

ಜಿಯೋ ಬೇಬಿ ಅವರ ಮಲಯಾಳಂ ಸಿನಿಮಾ 'ದಿ ಗ್ರೇಟ್ ಇಂಡಿಯನ್ ಕಿಚನ್' (2021) ಹೆಚ್ಚು ಕಡಿಮೆ ಪೂರ್ತಿ ಹೀಗೇ ನೋಡಬಹುದು. ಗಂಡ-ಹೆಂಡತಿ ಪಾತ್ರಗಳಿಗೆ ಹೆಸರೇ ಇಲ್ಲ. ಹೆಚ್ಚುವುದು, ರುಬ್ಬುವುದು, ಬಡಿಸುವುದು, ಎತ್ತುವುದು, ತೊಳೆಯುವುದು, ಮತ್ತೆ ಹೆಚ್ಚುವುದು. ಶುರುವಿನಲ್ಲಿ ನೋಡೋಕೆ ಚಂದ ಅನ್ನಿಸುತ್ತೆ, ಅರ್ಧ ಗಂಟೆಗೆ ಉಸಿರು ಕಟ್ಟುತ್ತೆ. ಆದರೆ ಶಾಟ್‌ಗಳು ಹೆಚ್ಚು ಕಡಿಮೆ ಅವೇ! ಬದಲಾಗಿದ್ದು ನಾವು. ಮದುವೆಯೊಳಗಿನ ಬದಲಾವಣೆಯನ್ನು ನೋಡುವವರ ಮೈಯಲ್ಲೇ ಮಾಡಿಸುವ ಉಪಾಯ ಇದು.

ಅದರಲ್ಲಿ ಸಿಂಕ್ ಕೆಳಗೆ ಪೈಪ್ ಸೋರುತ್ತೆ. ಪ್ಲಂಬರ್‌ಗೆ ಹೇಳಿ ಅಂತ ಅವಳು ಗಂಡನಿಗೆ ನೆನಪಿಸುತ್ತಾಳೆ. ಅವನು ಮರೆಯುತ್ತಾನೆ. ಮತ್ತೆ ಹೇಳುತ್ತಾಳೆ. ಮತ್ತೆ ಮರೆಯುತ್ತಾನೆ. ಬೈಗುಳ ಇಲ್ಲ, ಹೊಡೆತ ಇಲ್ಲ, ಬರೀ ಮರೆವು. ಕೊಳಕು ನೀರು ಕೆಳಗಿಟ್ಟ ಪಾತ್ರೆಗೆ ಬೀಳುತ್ತಲೇ ಇರುತ್ತೆ. ಅವಳು ಡಾನ್ಸ್ ಟೀಚರ್ ಕೆಲಸಕ್ಕೆ ಅರ್ಜಿ ಹಾಕಬೇಕು ಅಂದಾಗಲೂ ಬೇಡ ಅನ್ನುವುದು ಅಷ್ಟೇ ಮೆತ್ತಗೆ. ನೀವು ಪೈಪ್ ಕಡೆ ಕಣ್ಣಿಟ್ಟಿದ್ದರೆ, ಕೊನೆಗೆ ಅದೇ ನೀರು ಗಂಡನ ಮುಖಕ್ಕೆ ಬೀಳುವುದು ಆಶ್ಚರ್ಯ ಆಗಲ್ಲ. ಕಣ್ಣಿಡದೇ ಇದ್ದವರು "ಇಷ್ಟಕ್ಕೆಲ್ಲಾ ಮನೆ ಬಿಡ್ತಾರಾ" ಅನ್ನುತ್ತಾರೆ. ನನ್ನ ಗೆಳೆಯನೊಬ್ಬ ಹಾಗೇ ಅಂದ. ಎಷ್ಟಕ್ಕೆ ಅಂತ ಕೇಳಿದೆ. ಪೈಪ್ ವಿಷಯ ಅವನಿಗೆ ನೆನಪೇ ಇರಲಿಲ್ಲ, ಸಿನಿಮಾದ ಗಂಡನ ಹಾಗೇ ಮರೆತಿದ್ದ. ಪಾಪ, ಅವನಿಗೂ ನಗು ಬಂತು.

ಬಿಡುಗಡೆ ಬೇರೆ, ಸ್ವಾತಂತ್ರ್ಯ ಬೇರೆ

ಕನ್ನಡದಲ್ಲಿ ಎರಡು ಪದ ಇರುವುದು ನಮ್ಮ ಪುಣ್ಯ. ಬಿಡುಗಡೆ ಅಂದರೆ ಒಂದು ಕಡೆಯಿಂದ ಬಿಡಿಸಿಕೊಳ್ಳುವುದು, ಅದಕ್ಕೆ ಒಂದು ದಿನ, ಒಂದು ಬಾಗಿಲು ಇದ್ದರೆ ಆಯ್ತು. ಸ್ವಾತಂತ್ರ್ಯ ಅಂದರೆ ಮಾರನೇ ದಿನ ಬೆಳಿಗ್ಗೆ ಎದ್ದು ಏನು ಮಾಡುತ್ತೀರಿ ಅನ್ನುವುದು. ಸಿನಿಮಾಗಳಿಗೆ ಬಿಡುಗಡೆ ತುಂಬಾ ಇಷ್ಟ, ಮ್ಯೂಸಿಕ್ ಹಾಕೋಕೆ ಸುಲಭ. ಮಾರನೇ ದಿನ ತೋರಿಸುವ ಸಿನಿಮಾ ಅಪರೂಪ. ಹಾಗಾಗಿ ಸಿನಿಮಾ ಮುಗಿದಾಗ ಕೇಳಿಕೊಳ್ಳಿ: ನಾನು ಈಗ ನೋಡಿದ್ದು ಯಾವುದು?

ಮಹೇಶ್ ಭಟ್ ಅವರ 'ಅರ್ಥ್' (1982) ಕೊನೆಯನ್ನು ಈ ಪ್ರಶ್ನೆ ಇಟ್ಟುಕೊಂಡು ನೋಡಬೇಕು. ಬೇರೆಯವಳ ಹತ್ತಿರ ಹೋಗಿದ್ದ ಗಂಡ ವಾಪಸ್ ಬರುತ್ತಾನೆ. ಪೂಜಾ, ಅಂದರೆ ಶಬಾನಾ ಆಜ್ಮಿ, ಒಂದೇ ಪ್ರಶ್ನೆ ಕೇಳುತ್ತಾಳೆ: ನೀನು ಮಾಡಿದ್ದನ್ನು ನಾನು ಮಾಡಿ ಬಂದಿದ್ದರೆ ನೀನು ಸೇರಿಸಿಕೊಳ್ಳುತ್ತಿದ್ದೆಯಾ? ಇಲ್ಲ ಅನ್ನುತ್ತಾನೆ. ಪ್ರಾಮಾಣಿಕ ಉತ್ತರ, ಒಪ್ಪಬೇಕು. ಅಷ್ಟಕ್ಕೇ ಮುಗಿದಿದ್ದರೆ ಅದು ಬಿಡುಗಡೆಯ ಸಿನಿಮಾ ಆಗುತ್ತಿತ್ತು. ಆದರೆ ಅವಳನ್ನು ಮನಸಾರೆ ಮೆಚ್ಚಿದ, ಒಳ್ಳೆಯ ಇನ್ನೊಬ್ಬ ಗಂಡಸನ್ನೂ ಅವಳು ಬೇಡ ಅನ್ನುತ್ತಾಳೆ. ಪ್ರೇಕ್ಷಕರಿಗೆ ಜಾಸ್ತಿ ಕಸಿವಿಸಿ ಆಗೋದು ಇಲ್ಲೇ. ಕೆಟ್ಟವನನ್ನು ಬಿಟ್ಟಿದ್ದು ಸರಿ, ಒಳ್ಳೆಯವನನ್ನು ಯಾಕೆ? ನಿಮಗೂ ಹಾಗನ್ನಿಸಿದರೆ ಅದನ್ನು ಹಾಳೆಯ ಬಲಗಡೆ ನಿಮ್ಮದೇ ಹೆಸರು ಹಾಕಿ ಬರೆಯಿರಿ, ಯಾಕೆಂದರೆ ಈಗ ಪ್ರಶ್ನೆ ಕೇಳಿದವರು ನೀವು.

ಮನೆ ಬಿಡದೆಯೂ ಸ್ವಾತಂತ್ರ್ಯ ತೋರಿಸಬಹುದಾ? ಗೌರಿ ಶಿಂಧೆ ಅವರ 'ಇಂಗ್ಲಿಷ್ ವಿಂಗ್ಲಿಷ್' (2012) ಆ ಪ್ರಯತ್ನ ಮಾಡುತ್ತೆ. ಶಶಿ ಇಂಗ್ಲಿಷ್ ಕಲಿಯುತ್ತಾಳೆ, ಮನೆಯವರ ಮುಂದೆ ತಲೆ ಎತ್ತಿ ಮಾತಾಡುತ್ತಾಳೆ, ಆಮೇಲೆ ಅದೇ ಗಂಡನ ಜೊತೆ ವಿಮಾನ ಹತ್ತುತ್ತಾಳೆ. ಅಲ್ಲಿ ಅವಳು ಕೇಳುವುದು ಹಿಂದಿ ಪೇಪರ್. ಕಲಿತದ್ದನ್ನು ತೋರಿಸಿಕೊಳ್ಳುವ ಅಗತ್ಯ ಇಲ್ಲದ ಮನಸ್ಸು ಅದು. ಕೆಲವರು ಇದನ್ನು ಮೆದು ಸಿನಿಮಾ ಅಂತ ಬದಿಗಿಡುತ್ತಾರೆ. ಗಂಡ ನಿಜಕ್ಕೂ ಬದಲಾದನಾ ಅನ್ನುವುದನ್ನು ಸಿನಿಮಾ ಬೇಗ ಬೇಗ ದಾಟಿಸುತ್ತೆ, ಆ ದೂರು ನನ್ನದೂ ಹೌದು. ಆದರೆ ಆ ಪೇಪರ್ ಕೇಳುವ ಕ್ಷಣದಲ್ಲಿ ಮೆದುತನ ಇಲ್ಲ.

"ಹೊಂದಿಕೊಂಡು ಹೋಗು" ಅನ್ನುವ ಮಾತಿಗೂ ಕಿವಿ ತೆರೆದಿಡಿ. ವ್ಯಾಕರಣ ನೋಡಿದರೆ ಅದು ಯಾರಿಗೆ ಬೇಕಾದರೂ ಹೇಳಬಹುದಾದ ಮಾತು. ಸಿನಿಮಾದಲ್ಲಿ ಅದು ಎಷ್ಟು ಸಲ ಬಂತು, ಎಷ್ಟು ಸಲ ಗಂಡಸಿಗೆ ಹೇಳಿದರು ಅಂತ ಎಣಿಸಿ. ಬೆರಳು ಉಳಿಯುತ್ತೆ.

ಬದಲಾದರೂ ನಂಬದಿದ್ದರೆ

ಇದು ಸ್ವಲ್ಪ ಕಷ್ಟದ್ದು, ಕಲಿಯೋಕೆ ಪುಟ್ಟಣ್ಣ ಕಣಗಾಲ್ ಅವರ 'ಶರಪಂಜರ' ಇದೆ. ತ್ರಿವೇಣಿಯವರ ಕಾದಂಬರಿ ಆಧಾರಿತ. ಕಲ್ಪನಾ ಮಾಡಿದ ಕಾವೇರಿ ಪಾತ್ರಕ್ಕೆ ಹೆರಿಗೆಯ ನಂತರ ಮಾನಸಿಕ ಕಾಯಿಲೆ ಬರುತ್ತೆ. ಚಿಕಿತ್ಸೆ ಆಗುತ್ತೆ, ಹುಷಾರಾಗಿ ಮನೆಗೆ ಬರುತ್ತಾಳೆ. ಸಮಸ್ಯೆ ಶುರುವಾಗೋದು ಅಲ್ಲಿಂದ. ಅವಳು ಹುಷಾರಾಗಿದ್ದಾಳೆ ಅಂತ ಯಾರೂ ನಂಬಲ್ಲ. ನಕ್ಕರೆ ಅನುಮಾನ, ಕೋಪ ಬಂದರೆ ಅನುಮಾನ, ಸುಮ್ಮನಿದ್ದರೂ ಅನುಮಾನ. ಗಂಡ ಅಷ್ಟರಲ್ಲಿ ಬೇರೆ ಹೆಂಗಸಿನ ಕಡೆ ತಿರುಗಿದ್ದಾನೆ, ಅದಕ್ಕೆ ಮಾತ್ರ ಯಾವ ಕಾಯಿಲೆಯ ಹೆಸರೂ ಇಲ್ಲ.

ಅಂದರೆ ಮದುವೆಯೊಳಗಿನ ಸ್ವಾತಂತ್ರ್ಯದಲ್ಲಿ ಹೊಸಬಳಾಗುವ ಹಕ್ಕಿನ ಜೊತೆಗೆ ಹಳೆಯದನ್ನು ದಾಟಿ ಬಂದೆ ಅಂತ ಒಪ್ಪಿಸಿಕೊಳ್ಳುವ ಹಕ್ಕೂ ಸೇರಿದೆ. 'ಶರಪಂಜರ' ನೋಡುವಾಗ ಕಲ್ಪನಾ ಅವರ ದೊಡ್ಡ ದೃಶ್ಯಗಳ ಕಡೆ ಎಲ್ಲರ ಕಣ್ಣು ಹೋಗುತ್ತೆ, ಹೋಗಲೇಬೇಕು, ಅಂಥ ನಟನೆ. ಎರಡನೇ ಸಲ ನೋಡುವಾಗ ಸುತ್ತ ಇರುವವರ ಮುಖ ನೋಡಿ. ಅವಳು ಕೋಣೆಗೆ ಬಂದಾಗ ಅವರು ಒಬ್ಬರನ್ನೊಬ್ಬರು ನೋಡಿಕೊಳ್ಳುವ ರೀತಿ ಇದೆಯಲ್ಲ, ಇಡೀ ಪಂಜರ ಅದೇ.

ಇದರ ಉಲ್ಟಾ ಬೇಕಿದ್ದರೆ '45 ಇಯರ್ಸ್' (2015). ಇಲ್ಲಿ ಈಗ ಯಾರೂ ಬದಲಾಗಿಲ್ಲ, ನಲವತ್ತೈದು ವರ್ಷದ ಹಳೆಯ ಸಂಸಾರ, ವಾರ್ಷಿಕೋತ್ಸವಕ್ಕೆ ಕೆಲವೇ ದಿನ. ಅಷ್ಟರಲ್ಲಿ ಮದುವೆಗೂ ಮುಂಚಿನ ಗಂಡನ ಪ್ರೇಯಸಿಯ ಶವ ಹಿಮದಲ್ಲಿ ಸಿಕ್ಕಿದೆ ಅಂತ ಪತ್ರ ಬರುತ್ತೆ. ಹಿಂದೆ ನಡೆದದ್ದೆಲ್ಲ ಹೆಂಡತಿಯ ಕಣ್ಣಲ್ಲಿ ಬದಲಾಗಿಬಿಡುತ್ತೆ. ಕೊನೆಯ ಡಾನ್ಸ್‌ನಲ್ಲಿ ಗಂಡ ಅವಳ ಕೈ ಹಿಡಿದು ಮೇಲೆತ್ತುತ್ತಾನೆ, ಹೆಂಡತಿ ಪಾತ್ರದ ಷಾರ್ಲೆಟ್ ರಾಂಪ್ಲಿಂಗ್ ಕೈ ಕೊಸರಿಕೊಂಡು ಕೆಳಗೆ ಎಳೆದುಕೊಳ್ಳುತ್ತಾರೆ. ಒಂದು ಸೆಕೆಂಡು. ರೆಪ್ಪೆ ಮುಚ್ಚಿದರೆ ಹೋಯ್ತು.

ಯಾವ ಕಾಲದ್ದು ಅಂತ ಒಮ್ಮೆ ನೋಡಿಕೊಳ್ಳಿ

ಹಳೆಯ ಸಿನಿಮಾದಲ್ಲಿ ಹೆಂಡತಿ ವಾಪಸ್ ಬಂದಳು ಅಂತ ಬೈಯುವ ಮೊದಲು ಅವಳು ಹೋಗೋಕೆ ಬಿಡುತ್ತಿದ್ದರಾ ಅಂತ ತಿಳಿದುಕೊಳ್ಳಿ. ಹಾಲಿವುಡ್‌ನಲ್ಲಿ 1934ರಿಂದ ಗಟ್ಟಿಯಾಗಿ ಜಾರಿಯಾಗಿ 1968ರವರೆಗೆ ಇದ್ದ ನಿಯಮಾವಳಿ, ಹೇಸ್ ಕೋಡ್ ಅಂತಾರೆ, ಮದುವೆಯ ಪಾವಿತ್ರ್ಯವನ್ನು ಎತ್ತಿ ಹಿಡಿಯಲೇಬೇಕು ಅನ್ನುತ್ತಿತ್ತು. ಹಾಗಾಗಿ ಆಗಿನ ಜಾಣ ನಿರ್ದೇಶಕರು ಒಂದು ಉಪಾಯ ಕಂಡುಕೊಂಡರು. ಗಂಡ-ಹೆಂಡತಿ ಮೊದಲೇ ಬೇರೆಯಾಗುವುದು, ಸಿನಿಮಾ ಪೂರ್ತಿ ಅವಳು ಸ್ವತಂತ್ರವಾಗಿ ಓಡಾಡುವುದು, ಮಾತಲ್ಲಿ ಅವನನ್ನು ಸೋಲಿಸುವುದು, ಕೊನೆಯ ನಿಮಿಷದಲ್ಲಿ ಮತ್ತೆ ಒಂದಾಗುವುದು. 1937ರ 'ದಿ ಆಫುಲ್ ಟ್ರೂತ್', 1940ರ 'ಹಿಸ್ ಗರ್ಲ್ ಫ್ರೈಡೇ' ಈ ಜಾತಿಯವು. ಅಮೆರಿಕದ ತತ್ತ್ವಶಾಸ್ತ್ರಜ್ಞ ಸ್ಟಾನ್ಲಿ ಕ್ಯಾವೆಲ್ ಇವುಗಳಿಗೆ ಮರುಮದುವೆಯ ಹಾಸ್ಯ ಅಂತಲೇ ಹೆಸರಿಟ್ಟರು. ಇಂಥವನ್ನು ನೋಡುವಾಗ ಕೊನೆಯ ಐದು ನಿಮಿಷ ನಿಯಮಕ್ಕೆ ಕಟ್ಟಿದ ತೆರಿಗೆ ಅಂದುಕೊಂಡು, ಉಳಿದದ್ದನ್ನು ನೋಡಿ.

ಸಿನಿಮಾಗಿಂತ ಹಿಂದೆಯೂ ಇದೇ ಕಥೆ. ನಾರ್ವೆಯ ನಾಟಕಕಾರ ಇಬ್ಸೆನ್‌ನ 'ಎ ಡಾಲ್ಸ್ ಹೌಸ್' ನಾಟಕ 1879ರಲ್ಲಿ ರಂಗಕ್ಕೆ ಬಂತು, ನೋರಾ ಗಂಡ-ಮಕ್ಕಳನ್ನು ಬಿಟ್ಟು ಹೋಗುತ್ತಾಳೆ. ಜರ್ಮನಿಯಲ್ಲಿ ಆ ಪಾತ್ರ ಮಾಡಬೇಕಿದ್ದ ನಟಿ, ನಾನು ಮಕ್ಕಳನ್ನು ಬಿಟ್ಟು ಹೋಗುವವಳಲ್ಲ ಅಂತ ಹಟ ಹಿಡಿದರು. ಬೇರೆ ಯಾರೋ ಕೈಯಾಡಿಸುವ ಬದಲು ನಾನೇ ಬರೆಯುತ್ತೇನೆ ಅಂತ ಇಬ್ಸೆನ್ ನೋರಾ ಮನೆಯಲ್ಲೇ ಉಳಿಯುವ ಕೊನೆಯನ್ನು ಬರೆದುಕೊಟ್ಟ. ಅದರ ಬಗ್ಗೆ ಅವನಿಗೇ ಅಸಹ್ಯ ಇತ್ತು. ಮುಖ್ಯ ವಿಷಯ ಏನೆಂದರೆ, ಎರಡೂ ಕೊನೆಗಳ ಹಿಂದಿನ ಮೂರು ಅಂಕ ಹೆಚ್ಚು ಕಡಿಮೆ ಒಂದೇ. ಕೊನೆಯನ್ನು ಮಾತ್ರ ನೋಡಿ ತೀರ್ಪು ಕೊಡುತ್ತಿದ್ದ ನನ್ನಂಥವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲ್ಲ.

ಹಾಗೇ ಸಿನಿಮಾದ ತಲೆಗೆ ಇಲ್ಲದ ಪಾಪ ಕಟ್ಟಬೇಡಿ. ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ರ 'ಸೀನ್ಸ್ ಫ್ರಮ್ ಎ ಮ್ಯಾರೇಜ್', ಒಂದು ಸಂಸಾರ ಒಡೆಯುವ ಕಥೆ, 1973ರಲ್ಲಿ ಸ್ವೀಡನ್ ಟಿವಿಯಲ್ಲಿ ಆರು ಕಂತಾಗಿ ಬಂತು. ಅದನ್ನು ನೋಡಿ ಅಲ್ಲಿ ವಿಚ್ಛೇದನ ಜಾಸ್ತಿ ಆಯ್ತು ಅನ್ನುವ ಕಥೆ ಇವತ್ತಿಗೂ ಓಡಾಡುತ್ತೆ. ಆದರೆ 1974ರಿಂದ ಆ ದೇಶದ ವಿಚ್ಛೇದನದ ಕಾನೂನೇ ಸಡಿಲ ಆಗಿತ್ತು, ಯಾರ ತಪ್ಪು ಅಂತ ಸಾಬೀತು ಮಾಡಬೇಕಾಗಿರಲಿಲ್ಲ. ಜನ ಟಿವಿ ನೋಡಿ ಎದ್ದು ಹೋದರು ಅನ್ನುವುದಕ್ಕಿಂತ ಬಾಗಿಲಿನ ಚಿಲಕ ತೆಗೆದಿದ್ದರು ಅನ್ನುವುದು ನಂಬೋಕೆ ಸುಲಭ, ಅಲ್ವಾ?

ಗಂಡ ಅಥವಾ ಹೆಂಡತಿ ಜೊತೆ ಕೂತು ನೋಡುವುದಾದರೆ

ಒಂದು ಸಲಹೆ, ಅನುಭವದಿಂದ. ಸಿನಿಮಾ ಮುಗಿದ ತಕ್ಷಣ "ನೀವೂ ಹೀಗೇ" ಅಂತ ಶುರು ಮಾಡಬೇಡಿ. ನಾನು ಮಾಡಿದ್ದೇನೆ. ಮಾತು ಪಾತ್ರದಿಂದ ನಮ್ಮ ಮನೆಗೆ ಬಂತು, ನಮ್ಮ ಮನೆಯಿಂದ ಮೂರು ವರ್ಷ ಹಿಂದಿನ ಒಂದು ಫೋನ್ ಕರೆಗೆ ಹೋಯ್ತು, ಅಲ್ಲೇ ರಾತ್ರಿ ಒಂದು ಗಂಟೆ ಆಯ್ತು.

ಈಗ ನಾವು ಬೇರೆ ಥರ ಮಾಡುತ್ತೇವೆ. ಇಬ್ಬರ ಕೈಯಲ್ಲೂ ಒಂದೊಂದು ಹಾಳೆ. ನೋಡುವಾಗ ಮಾತಿಲ್ಲ. ಮುಗಿದ ಮೇಲೆ ಹಾಳೆ ಅದಲು ಬದಲು. ಅವರು ಬರೆದದ್ದನ್ನು ನಾನು ಓದುವುದು, ನಾನು ಬರೆದದ್ದನ್ನು ಅವರು. ತೀರ್ಪು ಕೊಡುವ ಹಾಗಿಲ್ಲ, "ಇದು ನಿನಗೆ ಕಂಡಿತಾ, ನನಗೆ ಕಾಣಲೇ ಇಲ್ಲ" ಅಂತ ಹೇಳಬಹುದು ಅಷ್ಟೇ. ಮೊದಲ ಸಲ 'ಮಹಾನಗರ'ವನ್ನೇ ಇಡಿ, ನಂತರ 'ಎ ಸೆಪರೇಷನ್', ಕಿಚನ್ ಸಿನಿಮಾ ಮೂರನೆಯದಾಗಿರಲಿ. ಮೊದಲೇ ಅದನ್ನು ಹಾಕಿದರೆ ಒಬ್ಬರು ಅರ್ಧಕ್ಕೆ ಎದ್ದು ಹೋಗುವ ಸಂಭವ ಜಾಸ್ತಿ.

ಮೊನ್ನೆ ಮತ್ತೆ 'ಮಹಾನಗರ' ನೋಡಿದೆವು. ಹೋಟೆಲ್ ದೃಶ್ಯದ ಎದುರಿಗೆ ನಾನು ಆರತಿಯ ಕೂಲಿಂಗ್ ಗ್ಲಾಸ್, ಸುಳ್ಳು, ನಗು ಎಲ್ಲ ಸಾಲಾಗಿ ಬರೆದಿದ್ದೆ. ನಮ್ಮವರ ಹಾಳೆಯಲ್ಲಿ ಅದೇ ಜಾಗದಲ್ಲಿ ಒಂದೇ ಸಾಲು ಇತ್ತು: "ಪೇಪರ್ ಓದ್ತಾ ಇಲ್ಲ."